ಕಾಗುಣಿತ ತಪ್ಪಿದರೆ ತಾತ ಬೇರೆಯವನಾಗುತ್ತಾನಾ?

ಡಬ್ಲಿನ್‌ನ ಕಿಲ್ಡೇರ್ ಸ್ಟ್ರೀಟಿನಲ್ಲಿ ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯವಿದೆ. ಹಿರೀಕರನ್ನು ಹುಡುಕಿಕೊಂಡು ಬಂದವರಿಗೆ ದಾರಿ ತೋರಿಸಲೆಂದೇ ಅಲ್ಲಿ ಒಂದು ವಿಭಾಗ. ದುಡ್ಡು ಕೊಡಬೇಕಿಲ್ಲ, ಯಾರ ಶಿಫಾರಸೂ ಬೇಡ. ಗ್ಲಾಸ್ಗೋದಿಂದ ಬಂದ ಗೆಳತಿಯ ಜೊತೆ ಸುಮ್ನೆ ಹೋಗಿದ್ದೆ. ಅವಳ ಮನೆತನದ ಹೆಸರು ಡಾಕರ್ಟಿ. ಮುತ್ತಾತ ಐರ್ಲೆಂಡಿನ ಡೊನೆಗಾಲ್ ಕೌಂಟಿ (ನಮ್ಮ ಜಿಲ್ಲೆಯ ಹಾಗೆ) ಕಡೆಯವನು ಅಂತ ಮನೆಯಲ್ಲಿ ಮಾತಿದೆ, ಆದರೆ ಆ ಹೆಸರು ಎಲ್ಲೂ ಸಿಗುತ್ತಿಲ್ಲ ಎಂದಳು. ಮೇಜಿನ ಆಚೆ ಕೂತಿದ್ದ ಹೆಂಗಸು, "ಅಕ್ಷರ ನೋಡಬೇಡಿ, ಜೋರಾಗಿ ಹೇಳಿ ನೋಡಿ. ಡೊಹರ್ಟಿ, ಡಾಗರ್ಟಿ, ಮುಂದೆ 'ಓ' ಇದ್ದದ್ದು, ಇಲ್ಲದ್ದು, ಎಲ್ಲವನ್ನೂ ಹುಡುಕಿ. ಎಲ್ಲರೂ ನಿಮ್ಮವರೇ ಇರಬಹುದು" ಎಂದರು.

ನನಗೆ ಖುಷಿಯಾಯಿತು, ಹೊಟ್ಟೆಯೂ ಉರಿಯಿತು. ಊರಿನಲ್ಲಿ ನಮ್ಮ ತಾತನ ಜಮೀನಿನ ಪೌತಿ ಖಾತೆ ವರ್ಷಗಟ್ಟಲೆಯಿಂದ ನಿಂತಿದೆ. ಪಹಣಿಯಲ್ಲಿ ತಾತನ ಹೆಸರಿನ ಕೊನೆಗೆ 'ಅಯ್ಯ' ಇದೆ. ಮರಣ ಪತ್ರದಲ್ಲಿ 'ಅಪ್ಪ' ಇದೆ. ಅಪ್ಪನ ಮಾರ್ಕ್ಸ್ ಕಾರ್ಡಿನಲ್ಲಿ ಅಯ್ಯನೂ ಇಲ್ಲ, ಅಪ್ಪನೂ ಇಲ್ಲ. "ಇವರೆಲ್ಲ ಒಬ್ಬರೇ ಅಂತ ಏನ್ರೀ ಗ್ಯಾರಂಟಿ?" ಅಂತ ಕಚೇರಿಯಲ್ಲಿ ಕೇಳುತ್ತಾರೆ. ನನ್ನ ತಮ್ಮ ಅಫಿಡವಿಟ್ ಮಾಡಿಸಿದ. ಅದು ಸಾಲದು ಎಂದರು. ವಂಶವೃಕ್ಷ ತಂದ. ಅದರಲ್ಲಿ ಇನ್ನೊಂದು ಕಾಗುಣಿತ! ತಾತ ಹೆಬ್ಬೆಟ್ಟು ಒತ್ತುತ್ತಿದ್ದವರು. ಇದರಲ್ಲಿ ಒಂದನ್ನೂ ಅವರು ಬರೆದದ್ದಲ್ಲ. ಬರೆದವರು ಬೇರೆ ಬೇರೆ ಗುಮಾಸ್ತರು. ದಂಡ ಕಟ್ಟುತ್ತಿರುವವರು ಮಾತ್ರ ಮೊಮ್ಮಕ್ಕಳು.

ಐರ್ಲೆಂಡಿನಲ್ಲೂ ಕಥೆ ಶುರುವಾಗುವುದು ಹೀಗೆಯೇ. ಜನ ಐರಿಶ್ ಮಾತಾಡುತ್ತಿದ್ದರು, ದಾಖಲೆ ಇಂಗ್ಲಿಷಿನಲ್ಲಿ ಆಗುತ್ತಿತ್ತು. ಚರ್ಚಿನ ಪುಸ್ತಕದಲ್ಲಿ ಎಷ್ಟೋ ಕಡೆ ಲ್ಯಾಟಿನ್, ಹಾಗಾಗಿ ಜೇಮ್ಸ್ ಅಲ್ಲಿ ಜಾಕೋಬಸ್. ಕೇಳಿಸಿದ ಹಾಗೆ ಬರೆದುಕೊಂಡರು. ಕ್ಯಾವನಾ ಎಂಬ ಮನೆತನ ಒಂದು ಪಟ್ಟಿಯಲ್ಲಿ 'ಕೆ' ಅಕ್ಷರದಡಿ, ಇನ್ನೊಂದರಲ್ಲಿ 'ಸಿ' ಅಕ್ಷರದಡಿ. ಹಿಂದೆ ಎಷ್ಟೋ ಮನೆಯವರು ಹೆಸರಿನ ಮುಂದಿನ 'ಓ' ಕೈಬಿಟ್ಟಿದ್ದರು. ಹತ್ತೊಂಬತ್ತನೇ ಶತಮಾನದ ಕೊನೆಗೆ ಐರಿಶ್ ಅಭಿಮಾನ ಮತ್ತೆ ಎದ್ದಾಗ ಕೆಲವರು ಅದನ್ನು ಸೇರಿಸಿಕೊಂಡರು. ಕ್ಯಾವನ್ ಕೌಂಟಿಯಲ್ಲಂತೂ ಮ್ಯಾಕ್‌ಗೌನ್ (ಐರಿಶ್‌ನಲ್ಲಿ ಕಮ್ಮಾರನ ಮಗ) ಮನೆಯವರು ಕಾಗದದಲ್ಲಿ ಸ್ಮಿತ್, ಅಂದರೆ ಇಂಗ್ಲಿಷಿನ ಕಮ್ಮಾರ, ಆಗಿಬಿಟ್ಟರು.

ಆಗಿನ ಸರ್ಕಾರ ಇದನ್ನು ಜನರ ತಪ್ಪು ಅನ್ನಲಿಲ್ಲ. ನನಗೆ ತುಂಬಾ ಹಿಡಿಸಿದ್ದು ಇದೇ. ನೋಂದಣಿ ಇಲಾಖೆಯ ರಾಬರ್ಟ್ ಮ್ಯಾಥೆಸನ್ 1890ರಲ್ಲಿ ಒಂದು ಪಟ್ಟಿ ಅಚ್ಚು ಹಾಕಿಸಿದರು. ಯಾವ ಮನೆತನದ ಹೆಸರು ಯಾವ ಯಾವ ರೂಪದಲ್ಲಿ ಬರಬಹುದು ಎಂಬ ಪಟ್ಟಿ. ನೋಂದಣಿ ಮಾಡುವವರಿಗೂ ಅದು, ದಾಖಲೆ ಹುಡುಕುವ ಸಾಮಾನ್ಯ ಜನರಿಗೂ ಅದು. ನೂರಾ ಮೂವತ್ತು ವರ್ಷಕ್ಕಿಂತ ಹಿಂದೆ!

1909ರಲ್ಲಿ ಅಲ್ಲಿ ಎಪ್ಪತ್ತು ದಾಟಿದ ಬಡವರಿಗೆ ಪಿಂಚಣಿ ಬಂತು. ಎಲ್ಲರ ಜನನ ನೋಂದಣಿ ಶುರುವಾಗಿದ್ದೇ 1864ರಲ್ಲಿ, ಹಾಗಾದರೆ ಆ ಮುದುಕರ ಹತ್ತಿರ ಜನನ ಪತ್ರ ಎಲ್ಲಿಂದ ಬರಬೇಕು? ದಾಖಲೆ ಕಚೇರಿಯವರು 1841 ಮತ್ತು 1851ರ ಜನಗಣತಿ ಹಾಳೆಗಳಲ್ಲಿ ಅಪ್ಪ ಅಮ್ಮನ ಹೆಸರು, ಹಳ್ಳಿಯ ಹೆಸರು ಹಿಡಿದು ಹುಡುಕಿದರು. ಆ ಹುಡುಕಾಟದ ಚೀಟಿಗಳು ಇಂದಿಗೂ ಉಳಿದಿವೆ.

ಗೆಳತಿಗೂ ದಾರಿಯಾದದ್ದು ಹಳ್ಳಿಯೇ. ಡೊನೆಗಾಲ್‌ನ ಇನಿಶೋವನ್ ಕಡೆ ಡೊಹರ್ಟಿಗಳಿಗೆ ಬರವೇ ಇಲ್ಲ. ಇಲ್ಲಿ ಟೌನ್‌ಲ್ಯಾಂಡ್ ಅನ್ನುವ ಸಣ್ಣ ಸಣ್ಣ ಪಾಲುಗಳಿವೆ, ಇಡೀ ಐರ್ಲೆಂಡ್ ದ್ವೀಪದ ತುಂಬ 60 ಸಾವಿರಕ್ಕೂ ಜಾಸ್ತಿ. ಅದು ಗೊತ್ತಾದರೆ ಕಾಗುಣಿತ ಹೇಗಿದ್ದರೂ ನಡೆಯುತ್ತದೆ. ನಾಮಕರಣಕ್ಕೆ ಸಾಕ್ಷಿ ನಿಂತವರು ಯಾರು, ತಾಯಿಯ ತವರಿನ ಹೆಸರು ಏನು, 1901 ಮತ್ತು 1911ರ ಜನಗಣತಿಯಲ್ಲಿ ಅದೇ ಮಕ್ಕಳು ಅದೇ ಸಾಲಿನಲ್ಲಿ ಇದ್ದಾರಾ, ಹೀಗೆ ಜೋಡಿಸುತ್ತಾರೆ. ಎರಡು ಗಣತಿಯೂ ಪುಕ್ಕಟೆ ನೋಡಲು ಸಿಗುತ್ತವೆ. ನಡುವೆ ಪಿಂಚಣಿ ಬಂದದ್ದರಿಂದ, ಈ ಎರಡು ಗಣತಿಯ ನಡುವಿನ ಹತ್ತು ವರ್ಷದಲ್ಲಿ ವಯಸ್ಸು ಹದಿನೈದು ವರ್ಷ ಏರಿಬಿಟ್ಟವರೂ ಅವುಗಳಲ್ಲಿದ್ದಾರೆ. ಆದರೂ ಅವರು ಬೇರೆಯವರು ಅಂತ ಯಾರೂ ಅನ್ನುವುದಿಲ್ಲ.

ನಮ್ಮ ಕಂದಾಯ ಇಲಾಖೆ ಅಂಥದೊಂದು ಪಟ್ಟಿ ಮಾಡಬಾರದಾ? ಅಯ್ಯ, ಅಪ್ಪ, ಅಣ್ಣ, ಗೌಡ ಬದಲಾಗಬಹುದು. ಊರಿನ ಹೆಸರು ಮುಂದೆ ಸೇರಬಹುದು, ಬಿಡಬಹುದು. ಇನಿಶಿಯಲ್ ಹಿಂದೆ ಮುಂದೆ ಆಗಬಹುದು. ಸರ್ವೆ ನಂಬರ್, ಚೆಕ್ಕುಬಂದಿ, ಹೆಂಡತಿ ಮಕ್ಕಳ ಹೆಸರು ಹೊಂದಿದರೆ ಅದೇ ಮನುಷ್ಯ ಎಂದು ಒಪ್ಪಬೇಕು. ಇದನ್ನು ಒಂದು ಸುತ್ತೋಲೆಯಲ್ಲಿ ಹೇಳಿದರೆ ಎಷ್ಟು ರೈತರ ಅಲೆದಾಟ ತಪ್ಪುತ್ತದೆ! ಇಷ್ಟು ವರ್ಷ ಯಾಕೆ ಯಾರಿಗೂ ಅನ್ನಿಸಲಿಲ್ಲ ಅಂತ ನನಗೆ ನಿಜಕ್ಕೂ ಸಿಟ್ಟಿದೆ.

ತಮ್ಮ ಒಂದು ಮಾತು ಹೇಳಿದ, ಒಪ್ಪಲೇಬೇಕು. "ಅಣ್ಣಾ, ಅವಳು ಹುಡುಕೋದು ಪ್ರೀತಿಗೆ. ಇಲ್ಲಿ ಎರಡು ಎಕರೆ ಇದೆ. ಹೆಸರು ಸ್ವಲ್ಪ ಹೋಲುತ್ತೆ ಅಂತ ಯಾರೋ ಬಂದು ನಮ್ಮ ಹೊಲ ಬರೆಸಿಕೊಂಡರೆ?" ಹೌದು, ಹಾಗೆ ಆಗಿದ್ದೂ ಇದೆ. ಐರ್ಲೆಂಡ್ ಕೂಡ ಅಜ್ಜ ಅಜ್ಜಿ ಇಲ್ಲಿ ಹುಟ್ಟಿದವರು ಎಂದು ಪೌರತ್ವ ಕೇಳಿದರೆ ಮೂಲ ಪತ್ರಗಳನ್ನೇ ತನ್ನಿ ಅನ್ನುತ್ತದೆ. ಅಲ್ಲದೆ ಇವರು ಇಷ್ಟು ಜಾಣತನ ಕಲಿತದ್ದು ಬೇರೆ ದಾರಿ ಇಲ್ಲದ್ದಕ್ಕೂ ಇರಬೇಕು. 1861 ಮತ್ತು 1871ರ ಗಣತಿ ಹಾಳೆಗಳನ್ನು ಸರ್ಕಾರವೇ ನಾಶ ಮಾಡಿತು. 1881, 1891ರವು ಮೊದಲ ಮಹಾಯುದ್ಧದ ಕಾಲದಲ್ಲಿ ರದ್ದಿಗೆ ಹೋದವು. ಇನ್ನೂ ಹಳೆಯ ಗಣತಿಗಳಲ್ಲಿ ಬಹುಪಾಲು 1922ರ ಜೂನ್ 30ರಂದು, ಅಂತರ್ಯುದ್ಧದಲ್ಲಿ, ಡಬ್ಲಿನ್‌ನ ಫೋರ್ ಕೋರ್ಟ್ಸ್ ಎಂಬ ನ್ಯಾಯಾಲಯದ ಆವರಣದಲ್ಲಿದ್ದ ದಾಖಲೆ ಕಚೇರಿಯ ಜೊತೆ ಸುಟ್ಟುಹೋದವು.

ನಮ್ಮಲ್ಲಿ ಮನೆತನಗಳ ವಂಶಾವಳಿ ಬರೆದಿಟ್ಟು ಊರೂರು ತಿರುಗಿ ಹೇಳುವ ಹೆಳವರು ಇದ್ದಾರೆ, ಅದನ್ನೂ ಹೇಳಬೇಕು. ಚಿಕ್ಕಂದಿನಲ್ಲಿ ಎತ್ತಿನ ಗಂಟೆ ಕೇಳಿಸಿದರೆ ಅಜ್ಜಿ ಮೊರದಲ್ಲಿ ರಾಗಿ ತುಂಬಿಕೊಂಡು ಜಗಲಿಗೆ ಬರುತ್ತಿದ್ದರು. ಹೆಳವರು ನಮ್ಮ ಮೂಲದ ಊರು, ಅಲ್ಲಿಂದ ಎದ್ದು ಬಂದ ಅಣ್ಣತಮ್ಮಂದಿರು, ಯಾರ ಮಗಳು ಯಾವ ಊರಿಗೆ ಹೋದಳು, ಎಲ್ಲ ಹೇಳುತ್ತಿದ್ದರು. ಅಂಥವರ ಪುಸ್ತಕ ಸಿಕ್ಕರೆ ಗ್ರಂಥಾಲಯದ ಆ ಹೆಂಗಸು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ನಮ್ಮ ಕಚೇರಿಯಲ್ಲಿ ಅದಕ್ಕೆ ಬೆಲೆ ಇಲ್ಲ. ಈ ಸುಗ್ಗಿ ಮುಗಿದ ಮೇಲೆ ಹೆಳವರು ಊರಿಗೆ ಬರುತ್ತಾರಂತೆ. ಒಪ್ಪಿದರೆ ನಮ್ಮ ವಂಶದ ಹಾಳೆಗಳ ಫೋಟೋ ತೆಗೆದಿಡು, ಕೊಡಬೇಕಾದ್ದನ್ನು ಕೈತುಂಬ ಕೊಡು ಅಂತ ತಮ್ಮನಿಗೆ ಹೇಳಿದ್ದೇನೆ.