‘ಏನೂ ಮಾಡಕ್ಕಾಗಲ್ಲ’ ಅಂದ ಮೇಲೆ

ನಮ್ಮ ಕಾಕಾನದು ಕಲಬುರಗಿಯಲ್ಲಿ ಸಣ್ಣ ಕಿರಾಣಿ ಅಂಗಡಿ. ಎರಡು ವರ್ಷದ ಹಿಂದೆ ಸೂಪರ್ ಮಾರ್ಕೆಟ್‌ನಲ್ಲಿ ಯಾರಿಗೋ ಹೋಗಿ ಢಿಕ್ಕಿ ಹೊಡೆದರು. ‘ಹಗಲೇ ಕುಡದಾನೇನು’ ಅಂತ ಬೈಸಿಕೊಂಡು ಬಂದರು. ಕಾಕಾ ಜನ್ಮದಲ್ಲಿ ಕುಡಿದವರಲ್ಲ. ಕಣ್ಣು ತೋರಿಸಿದರೆ ಗ್ಲಾಕೋಮಾ. ಕಣ್ಣಿನ ಬಿಪಿ ಅಂತಾರಲ್ಲ, ಅದು. ಅಷ್ಟೊತ್ತಿಗೆ ಅಕ್ಕಪಕ್ಕದ ನೋಟ ಮುಕ್ಕಾಲು ಹೋಗಿತ್ತು. ನೋವಿಲ್ಲ, ಉರಿಯಿಲ್ಲ. ಒಂದು ಕಣ್ಣು ಬಿಟ್ಟಿದ್ದನ್ನು ಇನ್ನೊಂದು ಕಣ್ಣು ತುಂಬಿಕೊಡುತ್ತದೆ, ಹಾಗಾಗಿ ಗೊತ್ತೇ ಆಗಲ್ಲ. ಹೋದದ್ದು ವಾಪಸ್ ಬರಲ್ಲ. ಹನಿ ಹಾಕೋದು ಉಳಿದದ್ದನ್ನು ಕಾಯಲಿಕ್ಕೆ. (ಇದು ಒಡಹುಟ್ಟಿದವರಿಗೂ ಬರಬಹುದು. ಅಪ್ಪನ ಕಣ್ಣೂ ತೋರಿಸಿಕೊಂಡು ಬಂದೆವು.)

ಡಾಕ್ಟರ ಮೇಲೆ ಸಿಟ್ಟಿಲ್ಲ. ಹೊರಗೆ ಅಷ್ಟುದ್ದ ಸಾಲು. ‘ಇನ್ನು ಜಾಸ್ತಿ ಏನೂ ಮಾಡಕ್ಕಾಗಲ್ಲ, ಹನಿ ಮಾತ್ರ ಬಿಡಬೇಡಿ’ ಅಂದರು. ಚೀಟಿ ಹಿಡಿದು ಹೊರಗೆ ಬಂದೆವು. ನನ್ನ ತಕರಾರು ಆ ಬಾಗಿಲ ಹೊರಗಿನ ಜಾಗದ ಬಗ್ಗೆ. ಅಲ್ಲೊಂದು ಕುರ್ಚಿ, ಮೇಜು, ‘ಬನ್ರಿ ಕೂಡ್ರಿ, ನಾಳೆಯಿಂದ ಹೆಂಗ ಅಂತ ಹೇಳ್ತೀನಿ’ ಅನ್ನುವ ಒಬ್ಬ ಮನುಷ್ಯ ಇರಬೇಕಿತ್ತು.

ಏನು ಹೇಳಬೇಕಿತ್ತು ಅಂತೀರಾ? ನಮ್ಮ ಮನೆ ಮೆಟ್ಟಿಲು ಶಹಾಬಾದ್ ಕಲ್ಲಿನದು. ನಾಲ್ಕೂ ಮೆಟ್ಟಿಲು ಒಂದೇ ಬೂದಿ ಬಣ್ಣ. ಕಾಕಾಗೆ ಅದು ಮೆಟ್ಟಿಲಲ್ಲ, ಇಳಿಜಾರು. ಎರಡು ಸಲ ಬಿದ್ದರು. ಕೊನೆಗೆ ಅಂಚಿಗೆಲ್ಲ ಹಳದಿ ಪೇಂಟ್ ಹೊಡೆದೆವು. ಆಮೇಲೆ ಬಿದ್ದಿಲ್ಲ. ಊಟದ ಕಥೆಯೂ ಇದೇ. ಸ್ಟೀಲ್ ತಾಟು, ಬೆಳ್ಳನೆ ಜೋಳದ ರೊಟ್ಟಿ, ಮೇಲೆ ಮೊಸರು. ಕೈ ತಡಕಾಡುತ್ತಿತ್ತು. ಎಲ್ಲರ ಮುಂದೆ ಹಾಗೆ ಉಣ್ಣೋಕೆ ನಾಚಿಕೆಯಾಗಿ ಒಬ್ಬರೇ ಕೂತು ಉಣ್ಣತೊಡಗಿದ್ದರು. ಕಾಕು ಒಂದಿನ ಕರೀ ಪ್ಲಾಸ್ಟಿಕ್ ತಾಟಿನಲ್ಲಿ ಹಾಕಿಕೊಟ್ಟರು. ರೊಟ್ಟಿ ಕಾಣಿಸಿತು! ಇಷ್ಟು ಕಂಡುಹಿಡಿಯೋಕೆ ನಮಗೆ ಎಂಟು ತಿಂಗಳು ಬೇಕಾಯಿತು. ಗೊತ್ತಿದ್ದವರು ಹತ್ತು ನಿಮಿಷದಲ್ಲಿ ಹೇಳುತ್ತಿದ್ದರು.

ನೋಟಿನ ಅಂಚಿನ ಗೆರೆಗಳೂ ಹಾಗೆ. ನೂರಕ್ಕೆ ನಾಲ್ಕು, ಐನೂರಕ್ಕೆ ಐದು, ಇನ್ನೂರರಲ್ಲಿ ನಾಲ್ಕು ಗೆರೆ ಮತ್ತು ನಡುವೆ ಎರಡು ಚುಕ್ಕಿ. ಬೆರಳಿನಿಂದ ಮುಟ್ಟಿ ಗುರುತಿಸಬಹುದು. ಕಿರಾಣಿ ಅಂಗಡಿಗೆ ಬರೋ ನೋಟು ಸವೆದು ಬಟ್ಟೆಯಂತಾಗಿರುತ್ತವೆ, ಆ ಮಾತು ಬೇರೆ. ಅದಕ್ಕೆ ರಿಸರ್ವ್ ಬ್ಯಾಂಕ್ 2020ರಲ್ಲಿ ‘ಮನಿ’ ಅಂತ ಆ್ಯಪ್ ಬಿಟ್ಟಿದೆ, ಮೊಬೈಲ್ ಹಿಡಿದರೆ ಎಷ್ಟರ ನೋಟು ಅಂತ ಹೇಳುತ್ತದೆ. ಇದನ್ನೆಲ್ಲ ನಮಗೆ ಹೇಳಿದ್ದು ಜೇವರ್ಗಿ ಬಸ್ಸಿನಲ್ಲಿ ಪಕ್ಕ ಕೂತಿದ್ದ ಒಬ್ಬ ಕಾಲೇಜು ಹುಡುಗ.

ಅಂಗವಿಕಲರ ಸರ್ಟಿಫಿಕೇಟಿಗೆ ಅಲೆದದ್ದು ಇನ್ನೊಂದು ರಾಮಾಯಣ. ಒಂದು ಕಚೇರಿಯಲ್ಲಿ ಕಾಕಾ ಗೋಡೆ ಮೇಲಿನ ಬೋರ್ಡ್ ಓದಿದ್ದೇ ತಪ್ಪಾಯಿತು. ‘ಬೋರ್ಡ್ ಓದ್ಲಾಕತ್ತೀರಿ, ಮತ್ತ ಕಣ್ಣಿಲ್ಲಂತ ಹ್ಯಾಂಗ?’ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ನೋಟದ ಅಗಲಕ್ಕೂ ಅಳತೆ ಇದೆ. 40 ಡಿಗ್ರಿಗಿಂತ ಕಡಿಮೆಯಿದ್ದರೆ ಮಂದದೃಷ್ಟಿ, 10ಕ್ಕಿಂತ ಕಡಿಮೆಯಿದ್ದರೆ ಅಂಧತ್ವ. ಅಕ್ಷರ ಓದಬಲ್ಲವರೂ ಅದರೊಳಗೆ ಬರಬಹುದು. ಕೌಂಟರಿನಲ್ಲಿ ಕೂತವರಿಗೇ ಅದು ಗೊತ್ತಿಲ್ಲದಿದ್ದರೆ?

ನಮ್ಮ ಕಡೆ ಕಣ್ಣು ಅಂದರೆ ಎರಡೇ ದಾರಿ. ಮೋತಿಬಿಂದು ಆಪರೇಷನ್ ಮಾಡಿಸಿ, ಇಲ್ಲಾ ಗದಗಿಗೆ ಕಳಿಸಿ. ಗದಗಿನ ಪುಣ್ಯಾಶ್ರಮಕ್ಕೆ ಕೈ ಮುಗಿಯುತ್ತೇನೆ, ಎಷ್ಟು ಅಂಧ ಮಕ್ಕಳಿಗೆ ಸಂಗೀತ ಕೊಟ್ಟಿದೆ! ಆದರೆ ಐವತ್ತು ದಾಟಿದ ಕಿರಾಣಿ ವ್ಯಾಪಾರಿ ಹಾರ್ಮೋನಿಯಂ ಕಲಿಯಬೇಕೇ? ಅವರಿಗೆ ಬೇಕಾದದ್ದು ತಮ್ಮ ಅಂಗಡಿ.

ಹೊಸ ಕಟ್ಟಡ ಕೇಳುತ್ತಿಲ್ಲ. ಗ್ರಾಮ ಪಂಚಾಯಿತಿಗಳಲ್ಲಿ ಅಂಗವಿಕಲರಿಗಾಗಿ ಪುನರ್ವಸತಿ ಕಾರ್ಯಕರ್ತರು ಈಗಲೇ ಇದ್ದಾರೆ, ಸಣ್ಣ ಗೌರವಧನಕ್ಕೆ ಹಗಲೆಲ್ಲ ಓಡಾಡುವವರು. ಬಿಳಿ ಕೋಲು ಹಿಡಿಯುವುದು, ಮೊಬೈಲ್ ಪರದೆ ಮೇಲಿರೋದನ್ನು ಓದಿ ಹೇಳುವ ಟಾಕ್‌ಬ್ಯಾಕ್, ಮನೆಯಲ್ಲಿ ಬಣ್ಣ ಬೆಳಕಿನ ಹೊಂದಾಣಿಕೆ ಇವಿಷ್ಟನ್ನು ಅವರಿಗೆ ಕಲಿಸಿ. ಗೌರವಧನವನ್ನೂ ಹೆಚ್ಚಿಸಿ. ಕಲಬುರಗಿ, ಬೀದರ್, ಯಾದಗಿರಿ ಜಿಲ್ಲಾಸ್ಪತ್ರೆಗಳ ಕಣ್ಣಿನ ವಿಭಾಗದ ಹೊರಗೆ ಒಬ್ಬೊಬ್ಬರನ್ನು ಕೂರಿಸಿ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯೇ ಇದೆ, ಆಫೀಸೂ ಇದೇ ಊರಲ್ಲಿದೆ. ಅದರ ದುಡ್ಡಲ್ಲಿ ಮೂರು ಸಂಬಳ ದೊಡ್ಡದಾ?

ಮುಂದಿನ ಸೋಮವಾರ ಏಳೆಂಟು ಮನೆಯವರು ಸೇರಿ ಡಿಸಿ ಕಚೇರಿಗೆ ಮನವಿ ಕೊಡುತ್ತಿದ್ದೇವೆ. ನಿಮ್ಮ ಮನೆಯಲ್ಲೂ ಇಂಥವರಿದ್ದರೆ ಕರೆದುಕೊಂಡು ಬನ್ನಿ. ಮನವಿ ತಾನೇ ಕೊಡುತ್ತೇನೆ ಅಂತ ಕಾಕಾ ಹಟ ಹಿಡಿದಿದ್ದಾರೆ. ನನಗೊಂದು ಕೆಲಸ ಹಚ್ಚಿದ್ದಾರೆ: ‘ಮೊದಲ ಹೋಗಿ ಅಲ್ಲಿ ಮೆಟ್ಲು ಎಷ್ಟದಾವ ಎಣಿಸ್ಕೊಂಡು ಬಾ.’