ಅಮ್ಮನ ಖರ್ಚು ಎಷ್ಟು ಅಂತ ಕೇಳಿದ್ದಕ್ಕೆ

ಹೋದ ವಾರ ಅಪ್ಪನ ತಿಥಿ. ಊಟ ಮುಗಿದು, ಎಲೆ ಎತ್ತಿ, ಜಯನಗರದ ಮನೆಯ ಹಾಲಿನಲ್ಲಿ ಎಲ್ಲರೂ ಅಡ್ಡಾಗಿದ್ದ ಹೊತ್ತಲ್ಲಿ ಅಣ್ಣನನ್ನು ಸುಮ್ನೆ ಕೇಳಿದೆ, ‘ಅಮ್ಮನ್ನ ನೋಡ್ಕೊಳ್ಳೋಕೆ ಬರ್ತಾರಲ್ಲ, ಅವರಿಗೆ ತಿಂಗಳಿಗೆ ಎಷ್ಟು ಕೊಡ್ತೀಯ?’ ಯಾರೂ ಉಸಿರೆತ್ತಲಿಲ್ಲ. ಅತ್ತಿಗೆ ಎದ್ದು ಅಡುಗೆಮನೆಗೆ ಹೋದರು. ಚಿಕ್ಕಮ್ಮ ಮಾತ್ರ ಬಿಡಲಿಲ್ಲ. ‘ಪೌಂಡ್ ಎಣಿಸೋನು ಹೆತ್ತತಾಯಿ ಲೆಕ್ಕ ಕೇಳ್ತಿದಾನೆ ನೋಡ್ರಪ್ಪ!’

ನಾನು ಕೇಳಿದ್ದು ಅರ್ಧ ಕೊಡೋಣ ಅಂತ. ಹೇಳೋಕೆ ಬಿಟ್ಟರೆ ತಾನೆ?

ನಾನಿರುವುದು ಈಸ್ಟ್‌ಬೋರ್ನ್‌ನಲ್ಲಿ. ಇಂಗ್ಲೆಂಡಿನ ದಕ್ಷಿಣದ ಕಡಲತಡಿಯ ಊರು, ರಿಟೈರ್ ಆದವರು ಹುಡುಕಿಕೊಂಡು ಬರುವ ಊರು. ಬೆಳಿಗ್ಗೆ ಸಮುದ್ರದ ಪಕ್ಕ ನಡೆಯಲು ಹೋದರೆ ಲಾಲ್‌ಬಾಗಿನ ವಾಕಿಂಗ್ ಅಂಕಲ್‌ಗಳೆಲ್ಲ ಕೋಟು ಹಾಕಿಕೊಂಡು ಅಲ್ಲಿಗೇ ಬಂದರೇನೋ ಅನ್ನಿಸುತ್ತದೆ. ನಮ್ಮ ಪಕ್ಕದ ಮನೆ ಅಜ್ಜಿಗೆ 86. ಕಳೆದ ಚಳಿಗಾಲದಲ್ಲಿ ಬಚ್ಚಲಲ್ಲಿ ಜಾರಿಬಿದ್ದರು. ಆಸ್ಪತ್ರೆಯಿಂದ ಬಂದ ಮೇಲೆ ಒಂದು ಶನಿವಾರ ಚಕ್ಕುಲಿ ಕೊಡೋಣ ಅಂತ ಹೋದರೆ, ಲಂಡನ್ನಿನಿಂದ ಬಂದಿದ್ದ ಮಗಳೂ ಅಜ್ಜಿಯೂ ಟೀ ಮುಂದಿಟ್ಟುಕೊಂಡು ಒಂದು ಫೈಲ್ ತೆಗೆದು ಕೂತಿದ್ದರು. ಬ್ಯಾಂಕಿನಲ್ಲಿ ಎಷ್ಟಿದೆ, ಪೆನ್ಷನ್ ಎಷ್ಟು, ಮನೆ ಮಾರಿದರೆ ಎಷ್ಟು ಬರುತ್ತದೆ, ಎಲ್ಲ ನನ್ನೆದುರೇ. ನಾನು ಏಳಲು ಹೋದರೆ ಕೂತ್ಕೋ ಅಂದರು. ‘ಮನೆ ದುಡ್ಡಲ್ಲಿ ನನಗೆ ಎಷ್ಟು ವರ್ಷ ಸಾಗುತ್ತೆ?’ ಅಂತ ಅಜ್ಜಿ ಕೇಳಿದರು. ಮಗಳು ಕ್ಯಾಲ್ಕ್ಯುಲೇಟರ್ ಒತ್ತಿ ಹೇಳಿದಳು. ಇಬ್ಬರೂ ಅಳಲಿಲ್ಲ. ನನಗೇ ಗಂಟಲು ಕಟ್ಟಿದ್ದು.

ಅದಕ್ಕೂ ಮುಂಚೆ ಸ್ಥಳೀಯ ಆಡಳಿತದ ಕೌನ್ಸಿಲ್‌ನಿಂದ ಒಬ್ಬರು ಬಂದು ಹೋಗಿದ್ದರು, ಪುಕ್ಕಟೆಯಾಗಿ. ಸ್ನಾನ ಯಾರು ಮಾಡಿಸಬೇಕು, ಮೆಟ್ಟಿಲು ಹತ್ತೋಕಾಗುತ್ತಾ, ಮಾತ್ರೆ ನೆನಪಿರುತ್ತಾ ಅಂತ ಎಲ್ಲ ಅಜ್ಜಿಯನ್ನೇ ಕೇಳಿದರಂತೆ, ಮಗಳನ್ನಲ್ಲ. ನಿಯಮ ಬರೆದಿಟ್ಟಿದೆ: ಕೈಯಲ್ಲಿ 23,250 ಪೌಂಡ್‌ಗಿಂತ ಜಾಸ್ತಿ ಇದ್ದರೆ ನೋಡಿಕೊಳ್ಳುವ ಖರ್ಚು ನಿಮ್ಮದೇ. ವಯಸ್ಸಾದವರನ್ನು ನೋಡಿಕೊಳ್ಳುವ ಕೇರ್ ಹೋಮ್ ಸೇರುವುದಾದರೆ ಸ್ವಂತ ಮನೆಯೂ ಸಾಮಾನ್ಯವಾಗಿ ಲೆಕ್ಕಕ್ಕೆ ಬರುತ್ತದೆ, ಗಂಡನೋ ಹೆಂಡತಿಯೋ ಅಲ್ಲೇ ವಾಸವಿದ್ದರೆ ಇಲ್ಲ. ನೋಡಿಕೊಳ್ಳುವವರು ಬೇಕಾದ ವಯಸ್ಸಾದವರಿಗೆ ಸರ್ಕಾರ ಕೊಡುವ ಅಟೆಂಡೆನ್ಸ್ ಅಲೋಯನ್ಸ್ ಅಂತ ಒಂದಿದೆ. ಅದಕ್ಕೆ ಆದಾಯ ಕೇಳುವುದಿಲ್ಲ, 2025–26ರಲ್ಲಿ ವಾರಕ್ಕೆ 73.90 ಅಥವಾ 110.40 ಪೌಂಡ್ ಇತ್ತು. ಅಜ್ಜಿ, ಮಗಳು ನೋಡಿಬಂದ ಕೇರ್ ಹೋಮ್ ವಾರಕ್ಕೆ 1,100 ಪೌಂಡ್ ಹೇಳಿತ್ತು. ಲಕ್ಷ ರೂಪಾಯಿಗೂ ಮೇಲೆ, ವಾರಕ್ಕೆ! ಎದೆ ಒಡೆಯುವ ರೇಟು, ಆದರೆ ಕಾಗದದ ಮೇಲಿತ್ತು. ತಪಾಸಣೆಯಲ್ಲಿ ಆ ಜಾಗಕ್ಕೆ ಯಾವ ಗ್ರೇಡ್ ಬಂದಿದೆ ಅನ್ನುವುದನ್ನೂ ಕಾಣುವಂತೆ ಹಾಕಲೇಬೇಕು ಅಲ್ಲಿ.

ಇಲ್ಲಿ, ಬೆಂಗಳೂರಿನಲ್ಲಿ? ಅಣ್ಣನಿಗೆ ಹೇಳದೆ ನಾನೂ ಎರಡು ಮೂರು ಅಸಿಸ್ಟೆಡ್ ಲಿವಿಂಗ್ ಜಾಗಗಳನ್ನು ನೋಡಿಬಂದೆ. ರೇಟ್ ಎಷ್ಟು ಅಂದರೆ ‘ಮೊದ್ಲು ಕಾಫಿ ತಗೊಳ್ಳಿ ಸಾರ್’. ಕಾಫಿ ಮುಗಿದ ಮೇಲೆ ‘ನಿಮ್ಮಂಥೋರಿಗೆ ಏನ್ ಜಾಸ್ತಿ ಹೇಳ್ತೀವಾ?’ ಡಯಾಪರ್, ಫಿಸಿಯೋಥೆರಪಿ, ರಾತ್ರಿ ನೋಡಿಕೊಳ್ಳುವವರು, ಎಲ್ಲ ಬೇರೆ ಚಾರ್ಜ್ ಅನ್ನುವುದು ನಾನು ಒಂದೊಂದಾಗಿ ಕೇಳಿದ ಮೇಲೇ ಹೊರಬಂತು. ಆದರೆ ತಪ್ಪು ಅವರದ್ದಲ್ಲ ಅನ್ನಿಸುತ್ತದೆ. ಕೇಳದ ಜನಕ್ಕೆ ಯಾರು ಹೇಳುತ್ತಾರೆ? ಯಾರ ಮಗನ ಪ್ಯಾಕೇಜ್ ಎಷ್ಟು, ಸೈಟು ಚದರಡಿಗೆ ಎಷ್ಟು, ಇದನ್ನೆಲ್ಲ ಮದುವೆ ಮನೆಯ ಪಂಕ್ತಿಯಲ್ಲೇ ಕೇಳುವವರು ನಾವು. ಹೆತ್ತವರ ಔಷಧಿ ಬಿಲ್ಲು ಎಷ್ಟು ಅಂದರೆ ಮಾತ್ರ ಮರ್ಯಾದೆ ಹೋಗುತ್ತದೆ. ಹಿರಿಯ ನಾಗರಿಕರ ಕಾಯ್ದೆ 2007ರಿಂದ ಇದೆ, ತಿಂಗಳಿಗೆ 10,000 ರೂಪಾಯಿ ತನಕ ಮಕ್ಕಳಿಂದ ಕೊಡಿಸುತ್ತದೆ. ಅದಕ್ಕೆ ಅಸಿಸ್ಟೆಂಟ್ ಕಮಿಷನರ್ ಆಫೀಸಿನ ಮೆಟ್ಟಿಲು ಹತ್ತಬೇಕು. ಮೊದಲ ಸಲ ದುಡ್ಡಿನ ಮಾತು ಆಡುವುದೇ ಅಲ್ಲಿ, ಅಷ್ಟೊತ್ತಿಗೆ ಮುಖ ನೋಡುವುದು ಬಿಟ್ಟಿರುತ್ತಾರೆ.

ಕೊನೆಗೆ ಲೆಕ್ಕ ಹೇಳಿದ್ದು ಅಮ್ಮನನ್ನು ನೋಡಿಕೊಳ್ಳುವ ಆ ರಾಯಚೂರಿನ ಹೆಂಗಸೇ. ‘ಏಜೆನ್ಸಿಯವ್ರು ಇಪ್ಪತ್ತಾರು ಸಾವಿರ ತಗೋತಾರ್ರಿ, ನಮ್ಗ ಹದಿನೇಳು ಕೊಡ್ತಾರ.’ ಇಡೀ ಮನೆಯಲ್ಲಿ ನಾಚಿಕೆಯಿಲ್ಲದೆ ದುಡ್ಡಿನ ಮಾತಾಡಿದವರು ಅವರೊಬ್ಬರೇ. ಅತ್ತಿಗೆ ಅಮ್ಮನನ್ನು ನೋಡಿಕೊಳ್ಳೋಕೆ ಅಂತ ಎರಡು ವರ್ಷದ ಹಿಂದೆ ಸ್ಕೂಲಿನ ಕೆಲಸ ಬಿಟ್ಟರು. ಆ ಸಂಬಳ ಯಾವ ಲೆಕ್ಕದಲ್ಲಿದೆ? ಲೆಕ್ಕವೇ ಇಲ್ಲದ ಮನೆಯಲ್ಲಿ ಅದನ್ನು ಯಾರೂ ಬರೆದಿಲ್ಲ.

ಸರಿ, ಇನ್ನೊಂದನ್ನೂ ಹೇಳಬೇಕು. ಹೇಳದೆ ಮುಗಿಸೋಣ ಅಂತಲೇ ಇದ್ದೆ. ಆ ಅಜ್ಜಿ ಬಚ್ಚಲಲ್ಲಿ ಬಿದ್ದರು ಅಂದೆನಲ್ಲ, ಬೆಳಗಾಗುವ ತನಕ ಅಲ್ಲೇ ಬಿದ್ದಿದ್ದರು. ಕುತ್ತಿಗೆಗೆ ಹಾಕಿಕೊಳ್ಳುವ ಅಲಾರಂ ಬಟನ್ನನ್ನು ಸ್ನಾನಕ್ಕೆ ಅಂತ ತೆಗೆದಿಟ್ಟಿದ್ದರು. ಗೋಡೆಯ ಈಚೆ ನಾನು ಮಲಗಿದ್ದೆ. ಇಲ್ಲಿ ನಮ್ಮಮ್ಮ ಒಂದು ಬೆಳಿಗ್ಗೆ ಹೂವಿನ ಬುಟ್ಟಿ ಇಳಿಬಿಡಲಿಲ್ಲ ಅಂತ ಹೂವಿನಾಕೆ ಬೆಲ್ ಒತ್ತಿ ಒತ್ತಿ ಅಕ್ಕಪಕ್ಕದವರನ್ನೆಲ್ಲ ಎಬ್ಬಿಸಿದ್ದಳಂತೆ. ಅಮ್ಮನಿಗೆ ಸುಮ್ನೆ ನಿದ್ದೆ ಬಂದಿತ್ತು, ಅಷ್ಟೆ. ಮತ್ತೆ ಆ ಇಂಗ್ಲೆಂಡಿನ ನಿಯಮವೂ ಏನು ದೊಡ್ಡ ಕರುಣೆಯದ್ದಲ್ಲ. 23,250 ಅನ್ನುವ ಅಂಕಿ 2010ರಿಂದ ಅಲುಗಾಡಿಲ್ಲ, ಒಬ್ಬರ ಆರೈಕೆಯ ಖರ್ಚಿಗೆ 86,000 ಪೌಂಡ್ ಮಿತಿ ಹಾಕುತ್ತೇವೆ ಅಂದಿದ್ದನ್ನು 2024ರಲ್ಲಿ ಕೈಬಿಟ್ಟರು. ಅಜ್ಜಿಯ ಮನೆ ಈಗ ಮಾರಾಟಕ್ಕಿದೆ.

ನಿನ್ನೆ ರಾತ್ರಿ ಅಮ್ಮ ಹತ್ತಿರ ಕರೆದು ಮೆಲ್ಲಗೆ ಕೇಳಿದಳು. ‘ಆ ಹೆಂಗಸಿಗೆ ಎಷ್ಟು ಕೊಡ್ತಾರೋ? ನನಗೆ ಯಾರೂ ಹೇಳಲ್ಲ.’ ಹೇಳಿದೆ. ಸ್ವಲ್ಪ ಹೊತ್ತು ಫ್ಯಾನ್ ನೋಡುತ್ತಾ ಮಲಗಿದ್ದಳು. ‘ನಿಮ್ಮಪ್ಪನ ಪೆನ್ಷನ್ ಹಾಗೇ ಬ್ಯಾಂಕಲ್ಲಿ ಬಿದ್ದಿದೆಯಲ್ಲೋ. ತಗೊಳ್ಳೋ ಅಂದ್ರೆ ನಿಮ್ಮಣ್ಣ ಮುಟ್ಟಲ್ಲ. ಒಂದು ಚೀಟೀಲಿ ಎಲ್ಲಾ ಬರ್ಕೊಡು, ದಪ್ಪಕ್ಷರದಲ್ಲಿ.’

ಕ್ಯಾಲೆಂಡರಿನ ಹಳೇ ಹಾಳೆ ಹರಿದು, ಹಿಂದುಗಡೆ ಬರೆದುಕೊಟ್ಟೆ. ಅತ್ತಿಗೆಯ ಸಂಬಳವನ್ನೂ ಸೇರಿಸಿದ್ದೇನೆ.