ತಿನ್ನೋದು ಬಿಡೋದು ಆಮೇಲೆ, ಮೊದಲು ಕೋಳೀನ ನೆಟ್ಟಗೆ ಹಿಡೀರಿ

ಇವತ್ತು ಬೆಳಿಗ್ಗೆ ಏಳೂವರೆ. ಸಿಗ್ನಲ್ಲಿನಲ್ಲಿ ಮುಂದೆ ಒಂದು ಎಕ್ಸೆಲ್ ಗಾಡಿ. ಹ್ಯಾಂಡಲ್ಲಿನ ಎರಡೂ ಕಡೆ, ಹಿಂದೆ ಸೀಟಿಗೆ ಅಡ್ಡ ಕಟ್ಟಿದ ಕಬ್ಬಿಣದ ಸರಳಿನ ಎರಡೂ ತುದಿಗೆ, ಕಾಲಿಗೆ ದಾರ ಬಿಗಿದು ತಲೆಕೆಳಗಾಗಿ ನೇತುಬಿಟ್ಟ ಫಾರಂ ಕೋಳಿಗಳು. ಕಾಣೋ ಬದಿಯಲ್ಲೇ ಇಪ್ಪತ್ತಾರು. ಸೈಲೆನ್ಸರ್ ಪಕ್ಕದ ಗೊಂಚಲಲ್ಲಿ ಒಂದರ ಕೊಕ್ಕಿಗೂ ಡಾಂಬರಿಗೂ ನಾಲ್ಕು ಬೆರಳು ಅಂತರ. ಬಾಯಿ ತೆರೆದುಕೊಂಡೇ ಇತ್ತು. ಪಕ್ಕದ ಕಾರಿನವರು ಗಾಜು ಏರಿಸಿಕೊಂಡರು. ಮರುಕಕ್ಕಲ್ಲ, ವಾಸನೆಗೆ.

ನನ್ನ ಕೆಲಸ ಕೋಳಿ ಶೆಡ್ಡುಗಳ ನಡುವೆ ಅಂತ ಇಲ್ಲಿರೋರಿಗೆ ಗೊತ್ತು. ಭಾನುವಾರ ನಮ್ಮನೇಲಿ ಏನು ಬೇಯುತ್ತೆ ಅಂತಲೂ ಗೊತ್ತು. ಹಾಗಾಗಿ ಇದು ಮಾಂಸ ಬಿಡಿ ಅಂತ ಉಪದೇಶ ಮಾಡೋ ಪೋಸ್ಟ್ ಅಲ್ಲ. ತಿನ್ನೋದು ಸರಿಯಾ ತಪ್ಪಾ ಅಂತ ನಾವು ವರ್ಷವಿಡೀ ಕಿತ್ತಾಡ್ತೀವಿ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಶಾಲೆ ಮಕ್ಕಳ ತಟ್ಟೆಗೆ ಮೊಟ್ಟೆ ಬಂದಾಗ ಕಿತ್ತಾಡಿದ್ವಿ. 2024ರ ಡಿಸೆಂಬರಿನಲ್ಲಿ ಮಂಡ್ಯ ಸಾಹಿತ್ಯ ಸಮ್ಮೇಳನದಲ್ಲಿ ಬಾಡೂಟ ಬೇಕೋ ಬೇಡವೋ ಅಂತ ಕಿತ್ತಾಡಿದ್ವಿ. ಆ ಜಗಳಗಳಲ್ಲಿ ಜಾತಿ ಬಂತು, ಮಠ ಬಂತು, ಸಂಸ್ಕೃತಿ ಬಂತು, ಪ್ರೋಟೀನ್ ಬಂತು. ಕೋಳಿ ವಿಷಯ ಒಬ್ಬರ ಬಾಯಲ್ಲೂ ಬರಲಿಲ್ಲ. ಬಡವರ ಮಕ್ಕಳು ಮೊಟ್ಟೆ ತಿಂದಾಗ ಮಾತ್ರ ಅಹಿಂಸೆ ನೆನಪಾಗೋರಿಗೆ ಈ ಎಕ್ಸೆಲ್ ಗಾಡಿ ದಿನಾ ಅವರ ಮನೆ ಮುಂದೇನೇ ಹೋಗುತ್ತೆ ಅನ್ನೋದು ಯಾಕೆ ಕಾಣಲ್ವೋ.

ತಲೆಕೆಳಗೆ ನೇತುಹಾಕಿದರೆ ಕೋಳಿಗೆ ಏನಾಗುತ್ತೆ, ಒಂದ್ಸಲ ಸರಿಯಾಗಿ ಹೇಳಿಬಿಡ್ತೀನಿ. ನಮಗೆ ಎದೆಗೂ ಹೊಟ್ಟೆಗೂ ನಡುವೆ ವಪೆ ಅಂತ ಒಂದು ಪರದೆ ಇದೆ. ಕೋಳಿಗೆ ಆ ಥರದ್ದು ಇಲ್ಲ. ಅದರ ಶ್ವಾಸಕೋಶ ಬೆನ್ನಿಗೆ ಅಂಟಿಕೊಂಡಿರುತ್ತೆ, ಹಿಗ್ಗಿ ಕುಗ್ಗಲ್ಲ. ಹೊಟ್ಟೆ ತುಂಬಾ ಹರಡಿರೋ ಗಾಳಿಚೀಲಗಳು ತಿದಿಯ ಹಾಗೆ ಆಡ್ತಾ ಉಸಿರನ್ನ ಎಳೆದು ಬಿಡ್ತವೆ. ಕಾಲು ಮೇಲಾದ ಕೂಡಲೇ ಕರುಳು, ಲಿವರ್ರು ಎಲ್ಲ ಜಾರಿ ಆ ಚೀಲಗಳ ಮೇಲೆ ಕೂರ್ತವೆ. ಇನ್ನು ಎದೆಮೂಳೆ. ಕೋಳಿ ಉಸಿರಾಡುವಾಗೆಲ್ಲ ಅದು ಆಡಬೇಕು, ಆದರೆ ಬ್ರಾಯ್ಲರ್‌ಗೆ ಅದರ ಮೇಲೆ ನಾವೇ ಬೇಕು ಅಂತ ಬೆಳೆಸಿದ ಬ್ರೆಸ್ಟ್ ಪೀಸಿನ ಹೊರೆ. ನಲವತ್ತು ಗ್ರಾಂ ಮರಿ ನಲವತ್ತು ದಿನದಲ್ಲಿ ಎರಡು ಕೆಜಿ ಆಗುತ್ತೆ. ಮಾಂಸ ಬೆಳೆದಷ್ಟು ಜೋರಾಗಿ ಹೃದಯವೂ ಬೆಳೆದಿರಲ್ಲ, ಕಾಲಿನ ಕೀಲೂ ಬಲಿತಿರಲ್ಲ. ಆ ಎಳೇ ಕೀಲಿಗೆ ದಾರ ಬಿಗಿದು ಎರಡು ಕೆಜಿ ತೂಗುಬಿಡೋದು.

ಮೇಲೆ ಸೆಖೆ ಬೇರೆ. ಕೋಳಿಗೆ ಬೆವರಿನ ಗ್ರಂಥಿ ಇಲ್ಲ. ಮೈ ಬಿಸಿ ಮೊದಲೇ 41 ಡಿಗ್ರಿ. ಅದು ತಣ್ಣಗಾಗೋದು ಮುಖ್ಯವಾಗಿ ಬಾಯಿ ತೆರೆದು ಏದುಸಿರು ಬಿಟ್ಟೇ. ಗೊಂಚಲಿನ ನಡುವೆ ಸಿಕ್ಕಿಕೊಂಡ ಕೋಳಿಗೆ ಅಕ್ಕಪಕ್ಕದ ಐದಾರು ಕೋಳಿಗಳ ಬಿಸಿಯೂ ತಟ್ಟುತ್ತೆ, ಏದುಸಿರಿಗೆ ಜಾಗವೂ ಇರಲ್ಲ. ದಾರಿಯಲ್ಲಿ ಸಾಯೋದು ಹೆಚ್ಚಾಗಿ ನಡುವಿನ ಕೋಳೀನೇ.

‘ನೋಡಿ ಸಾರ್, ನೇತುಹಾಕಿದ ಕೂಡಲೇ ಎಷ್ಟು ಸುಮ್ಮನಾಗುತ್ತೆ, ಅದಕ್ಕೇನೂ ಅನ್ನಿಸಲ್ಲ’ ಅನ್ನೋರು ಬೇಕಾದಷ್ಟು ಜನ. ಬೇಟೆಗಾರ ಪ್ರಾಣಿ ಹಿಡಿದಾಗ ಸತ್ತಂತೆ ಬಿದ್ದುಕೊಳ್ಳೋ ಸ್ವಭಾವ ಅದು, ಭಯ ಮಿತಿ ಮೀರಿದಾಗ ಮೈ ಮರಗಟ್ಟೋದು. ನೆಮ್ಮದಿಯಲ್ಲಿರೋ ಕೋಳಿ ಸುಮ್ಮನೆ ಇರಲ್ಲ, ಕೆದಕುತ್ತೆ, ಕೊಕ್ಕೊಕ್ ಅನ್ನುತ್ತೆ, ಪಕ್ಕದ್ದರ ಜೊತೆ ಜಗಳ ಆಡುತ್ತೆ. ನಮ್ಮ ಹಾಗೇನೆ.

ಹಳ್ಳಿಯಿಂದ ಸಂತೆಗೆ ನಾಟಿ ಕೋಳಿ ತರೋ ಹೆಂಗಸರು ಕಂಕುಳಲ್ಲಿ ಇಟ್ಟುಕೊಂಡು ಬರ್ತಿದ್ದರು, ಇಲ್ಲಾಂದ್ರೆ ಮಂಕರಿಯಲ್ಲಿ ಕೂರಿಸಿ ಮೇಲೆ ಬಲೆ ಕಟ್ಟಿಕೊಂಡು. ದಕ್ಷಿಣ ಕನ್ನಡದಲ್ಲಿ ಕೋಳಿಅಂಕಕ್ಕೆ, ಅಂದ್ರೆ ಕೋಳಿ ಕಾಳಗಕ್ಕೆ, ಹೋಗೋ ಹುಂಜವನ್ನ ಇವತ್ತಿಗೂ ಮಗು ಹಾಗೆ ತೋಳಲ್ಲಿ ಎತ್ತಿಕೊಂಡು ಹೋಗ್ತಾರೆ. (ಅಂಕ ಕಾನೂನಿಗೆ ವಿರುದ್ಧ, ಅದು ಬೇರೆ ಮಾತು.) ಸಾಯಿಸೋಕೇ ಒಯ್ಯೋದಾದರೂ ಹಿಡಿಯೋ ರೀತಿ ಗೊತ್ತಿತ್ತು ಅನ್ನೋದಷ್ಟೇ ನನ್ನ ಮಾತು.

ಫಾರಂ ಕಡೆ ಎಲ್ಲ ಸರಿ ಇದೆಯಾ ಅಂದ್ರೆ, ಅಲ್ಲೂ ಇಲ್ಲ. ಲಿಫ್ಟಿಂಗ್ ದಿನ, ಅಂದ್ರೆ ಬೆಳೆದ ಕೋಳಿ ಹಿಡಿದು ಲಾರಿಗೆ ತುಂಬೋ ದಿನ, ಮೇವಿನ ಪಾತ್ರೆ ಎಂಟು ಹತ್ತು ಗಂಟೆ ಮೊದಲು ಮೇಲೆತ್ತಬೇಕು, ನೀರನ್ನ ಮಾತ್ರ ಹಿಡಿಯೋ ಹೊತ್ತಿನವರೆಗೂ ಬಿಟ್ಟಿರಬೇಕು. ಆಗೋದು ಏನು? ತೂಕ ಬರಲಿ ಅಂತ ಒಬ್ಬರು ಕೊನೆಯವರೆಗೂ ಮೇವು ಹಾಕಿರ್ತಾರೆ, ಲಾರಿ ತಡವಾಗಿ ಇನ್ನೊಬ್ಬರ ಕೋಳಿ ಹದಿನೈದು ಗಂಟೆ ಉಪವಾಸ ಇರುತ್ತೆ. ಹಿಡೀಬೇಕಾದ್ದು ರಾತ್ರಿ, ಮಂದ ಬೆಳಕಲ್ಲಿ, ಎರಡೂ ಕಾಲು ಸೇರಿಸಿ. ಇಲ್ಲಾ ರೆಕ್ಕೆ ಸಮೇತ ಮೈಯನ್ನ ಎರಡೂ ಕೈಲಿ ತಬ್ಬಿ. ಆದರೆ ಲೋಡಿಂಗ್ ಹುಡುಗರಿಗೆ ದುಡ್ಡು ಕೋಳಿ ಲೆಕ್ಕದಲ್ಲಿ, ಹಾಗಾಗಿ ಒಂದೊಂದು ಕೈಲಿ ನಾಲ್ಕೈದು ಕೋಳಿ, ಒಂದೊಂದರ ಒಂದೇ ಕಾಲು. ಒಂದೇ ಕಾಲಲ್ಲಿ ತೂಗಿದ ಕೋಳಿ ರೆಕ್ಕೆ ಬಡಿದು ತಿರುಚಿಕೊಂಡಾಗ ತೊಡೆ ಮೂಳೆ ಸೊಂಟದ ಗುಂಡಿಯಿಂದ ಕಳಚುತ್ತೆ, ಒಳಗೇ ರಕ್ತ ಸೋರುತ್ತೆ. ಹೊರಗೆ ಒಂದು ಗೀರೂ ಕಾಣಲ್ಲ.

ಆದರೂ ಫಾರಂನಿಂದ ಹೋಲ್‌ಸೇಲ್ ಅಂಗಡಿವರೆಗೆ ಕ್ರೇಟೋ, ಲಾರಿಯ ಗೂಡೋ ಏನೋ ಒಂದು ಇರುತ್ತೆ. ಎರಡು ಕೆಜಿ ಕೋಳಿಯಾದರೆ ಕ್ರೇಟಿಗೆ ಹತ್ತು, ಬೇಸಿಗೆಯಲ್ಲಿ ಎಂಟು. ಇಕ್ಕಟ್ಟು ಹೌದು, ಆದರೆ ಕಾಲ ಮೇಲೆ ಕೂತಿರುತ್ತೆ, ತಲೆ ಮೇಲಿರುತ್ತೆ. ಹೋಲ್‌ಸೇಲಿನಿಂದ ನಿಮ್ಮ ಬೀದಿಯ ಚಿಕನ್ ಅಂಗಡಿಗೆ, ಹೋಟೆಲಿಗೆ ಬರೋ ಕೊನೆಯ ನಾಲ್ಕೈದು ಕಿಲೋಮೀಟರಿದೆಯಲ್ಲ, ಅಲ್ಲೇ ಕ್ರೇಟು ಮಾಯ. ಅಲ್ಲಿಂದ ದಾರ, ಸರಳು, ತಲೆಕೆಳಗು. ಇಡೀ ಸರಪಳಿಯಲ್ಲಿ ಎಲ್ಲಕ್ಕಿಂತ ಕಡಿಮೆ ಖರ್ಚಲ್ಲಿ ಸರಿಮಾಡಬಹುದಾದ ಜಾಗ ಇದು.

ಕಾನೂನು ಇಲ್ವಾ? ಭರ್ತಿ ಇದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್, ಅನಗತ್ಯ ನೋವಾಗೋ ರೀತಿಯಲ್ಲಿ ಅಥವಾ ಭಂಗಿಯಲ್ಲಿ ಪ್ರಾಣಿ ಸಾಗಿಸಿದರೆ ಅಪರಾಧ ಅನ್ನುತ್ತೆ. ಭಂಗಿ ಅನ್ನೋ ಮಾತೂ ಇದೆ ನೋಡಿ, ಅರವತ್ತು ವರ್ಷದ ಹಿಂದೆಯೇ ಯಾರೋ ಪುಣ್ಯಾತ್ಮರು ಯೋಚನೆ ಮಾಡಿ ಬರೆದಿದ್ದಾರೆ. ಶಿಕ್ಷೆ? ಮೊದಲ ಸಲಕ್ಕೆ ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ ದಂಡ. ಐವತ್ತು ರೂಪಾಯಿಗೆ ಇವತ್ತು ಪ್ಲೇಟ್ ಕಬಾಬೂ ಬರಲ್ಲ. 2001ರಲ್ಲಿ ಸಾಗಣೆ ನಿಯಮಕ್ಕೆ ಕೋಳಿಯನ್ನೂ ಸೇರಿಸಿದರು: ಬಿಸಿಲು, ಮಳೆ, ನೇರ ಗಾಳಿ ತಾಗಬಾರದು, ಉಷ್ಣಾಂಶ 25 ಡಿಗ್ರಿ ದಾಟಿದರೆ, 15ಕ್ಕಿಂತ ಇಳಿದರೆ ಸಾಗಿಸಲೇಬಾರದು. ರಾಯಚೂರಲ್ಲಿ ಏಪ್ರಿಲ್ ತಿಂಗಳಲ್ಲಿ ಈ ನಿಯಮ ಪಾಲಿಸೋ ಮಹಾನುಭಾವರು ಸಿಕ್ಕರೆ ಹೇಳಿ, ಹಾರ ತರ್ತೀನಿ. ಪಾಲಿಸೋಕಾಗದ ನಿಯಮ ಒಂದು ಕಡೆ, ಯಾರಿಗೂ ತಾಗದ ದಂಡ ಇನ್ನೊಂದು ಕಡೆ. ನಡುವೆ ಎಕ್ಸೆಲ್ ಗಾಡಿ ಆರಾಮಾಗಿ ಹೋಗುತ್ತೆ.

ಇದೇ ರಾಜ್ಯದ 2020ರ ಗೋಹತ್ಯೆ ನಿಷೇಧ ಕಾಯ್ದೆಯಲ್ಲಿ ದಂಡ ಐವತ್ತು ಸಾವಿರದಿಂದ ಐದು ಲಕ್ಷ, ಜೈಲು ಮೂರರಿಂದ ಏಳು ವರ್ಷ. ಹೋಲಿಸಬಾರದು ಅಂತೀರಾ, ಆಯ್ತು. ಆದರೆ 2023ರಲ್ಲಿ ಗುಜರಾತ್ ಹೈಕೋರ್ಟಿನಲ್ಲಿ ಕೋಳಿ ಪ್ರಾಣಿಯೋ ಅಲ್ಲವೋ ಅಂತಲೇ ಚರ್ಚೆ ನಡೀತು. 1960ರ ಕಾಯ್ದೆಯಲ್ಲಿ ಪ್ರಾಣಿ ಅಂದ್ರೆ ಮನುಷ್ಯರನ್ನ ಬಿಟ್ಟು ಎಲ್ಲ ಜೀವ ಅಂತ ಮೊದಲೇ ಬರೆದಿದೆ. ಆದರೂ ಕೇಳಬೇಕಾಯ್ತು.

ಈಗ ಬರುತ್ತೆ ಕಾಮೆಂಟು, ನನಗೆ ಗೊತ್ತು. ‘ಹೇಗೂ ಕತ್ತು ಕೊಯ್ಯೋದೇ ಅಲ್ವಾ, ಹೇಗೆ ತಂದರೇನು?’ ಸ್ವಾಮಿ, ಕತ್ತು ಸರಿಯಾಗಿ ಕೊಯ್ದರೆ ಒಂದೆರಡು ನಿಮಿಷದಲ್ಲಿ ಮುಗಿಯುತ್ತೆ. ತಲೆಕೆಳಗೆ ತೂಗಾಡೋದು ಒಂದು ಗಂಟೆ. ಎರಡೂ ಒಂದೇನಾ? ಹೇಗೂ ಡಿಸ್ಚಾರ್ಜ್ ಆಗ್ತೀರಲ್ಲ ಅಂತ ಆಸ್ಪತ್ರೆಯಲ್ಲಿ ಅನಸ್ತೇಶಿಯಾ ಇಲ್ಲದೆ ಹೊಲಿಗೆ ಹಾಕಿಸಿಕೊಳ್ತೀರಾ?

ಕರುಣೆ ಮಾತು ರುಚಿಸದವರಿಗೆ ಮಾಂಸದ ಮಾತೇ ಹೇಳ್ತೀನಿ. ಕೋಳಿ ತರುವಾಗ ತೊಡೆ ಒಳಭಾಗ, ರೆಕ್ಕೆ ಕೀಲಿನ ಸುತ್ತ ನೋಡಿ. ಕೆಂಪಗೆ ರಕ್ತ ಕಟ್ಟಿದ್ದರೆ ಆಗಷ್ಟೇ ಆದ ಪೆಟ್ಟು, ಹಿಡಿಯುವಾಗಲೋ ನೇತುಹಾಕಿದಾಗಲೋ. ಊದಾ ತಿರುಗಿದ್ದರೆ ಹಿಂದಿನ ರಾತ್ರಿಯ ಲಿಫ್ಟಿಂಗಿನದು. ಹಸಿರು ಛಾಯೆ ಬಂದಿದ್ದರೆ ಒಂದು ದಿನ ಹಳೆಯದು, ಫಾರಂನಲ್ಲೇ ಆದದ್ದು. ಗಾಬರಿಯಲ್ಲಿ, ಬಿಸಿಯಲ್ಲಿ ಸತ್ತ ಕೋಳಿಯ ಮಾಂಸ ಬೇಗ ಹುಳಿ ತಿರುಗಿ ಬಿಳಿಚಿಕೊಂಡು ನೀರು ಬಿಡುತ್ತೆ. ಬಾಣಲೆಗೆ ಹಾಕಿದ ಕೂಡಲೇ ಅರ್ಧ ಪಾತ್ರೆ ನೀರಾಗಿ ಪೀಸು ಮಾತ್ರ ಹಗ್ಗದ ಹಾಗೆ ಆಗುತ್ತಲ್ಲ, ಅದಕ್ಕೆ ನಿಮ್ಮ ಮಸಾಲೆ ಒಂದೇ ಕಾರಣ ಅಲ್ಲ. ಕಾಸು ನೀವು ಕೊಟ್ಟಿರೋದು ಆ ನೀರಿಗೂ ಸೇರಿಸಿ.

ಅಂಗಡಿಯೊಳಗಿನ ಕಥೆ ಇನ್ನೊಂದು. ಮೊಂಡು ಚೂರಿ, ಒಂದೇ ಬದಿ ಗೀರು, ಬಿಸಾಕೋದು ನೀಲಿ ಡ್ರಮ್ಮಿಗೆ. ಒಳಗೆ ಒಂದರ ಮೇಲೊಂದು ಬಡಿದಾಡ್ತವೆ, ಪೂರ್ತಿ ರಕ್ತ ಹೋಗಲ್ಲ. ಗಿರಾಕಿ ‘ಬೇಗ ಅಣ್ಣಾ’ ಅಂದಾಗ ಉಸಿರಿರೋದೂ ಬಿಸಿನೀರಿಗೆ ಇಳಿಯುತ್ತೆ. ಇದಕ್ಕೆ ಬೇಕಾದ್ದು ಒಂದು ತಗಡಿನ ಆಲಿಕೆ: ಮೇಲೆ ಇಪ್ಪತ್ತೈದು ಸೆಂಟಿಮೀಟರ್ ಅಗಲ, ಕೆಳಗೆ ಹತ್ತು, ಎತ್ತರ ಮೂವತ್ತೈದು ನಲವತ್ತು, ಅಂಚು ಮಡಿಸಿರಬೇಕು. ಅದನ್ನ ಗೋಡೆಗೆ ಸ್ಕ್ರೂ ಹಾಕಿ ನಿಲ್ಲಿಸೋದು. ಕೋಳಿಯನ್ನ ತಲೆ ಕೆಳಗೆ ಬರೋ ಹಾಗೆ ಇಳಿಸಿದರೆ ರೆಕ್ಕೆ ಬಡಿಯೋಕೆ ಆಗಲ್ಲ, ಭಾರ ಕಾಲಿನ ಮೇಲಿರಲ್ಲ, ಮೈಯೆಲ್ಲಾ ಆನಿಕೊಂಡಿರುತ್ತೆ. ಹೌದು, ಇಲ್ಲೂ ತಲೆ ಕೆಳಗೇ, ಕಾಮೆಂಟಲ್ಲಿ ಕಾಲೆಳೀಬೇಡಿ. ಇದು ಎರಡು ನಿಮಿಷ, ಅದು ಒಂದು ಗಂಟೆ. ಹರಿತ ಚೂರಿಯಲ್ಲಿ ಕತ್ತಿನ ಎರಡೂ ಬದಿ ರಕ್ತನಾಳ ಒಂದೇ ಎಳೆತಕ್ಕೆ ಕತ್ತರಿಸಬೇಕು. ಒಂದೇ ಬದಿ ಆದರೆ ಎಚ್ಚರ ತಪ್ಪೋದು ತಡ. ಆಮೇಲೆ ಎರಡು ನಿಮಿಷ ಕಾಯಬೇಕು, ಉಸಿರು ನಿಂತಿದೆಯಾ, ಕಣ್ಣು ಮುಟ್ಟಿದರೆ ರೆಪ್ಪೆ ಆಡುತ್ತಾ ನೋಡಬೇಕು. ಆಮೇಲಷ್ಟೇ ಬಿಸಿನೀರು. ಚೂರಿ ಹರಿತ ಇರಬೇಕು, ಒಂದು ಜೀವದ ಕಣ್ಣೆದುರು ಇನ್ನೊಂದನ್ನ ಕೊಯ್ಯಬಾರದು ಅಂತ ಇಸ್ಲಾಮಿನಲ್ಲಿ ಇದೆ. ಕಣ್ಣೆದುರು ಕೊಯ್ಯಬಾರದು ಅಂತ 2001ರ ಕಸಾಯಿಖಾನೆ ನಿಯಮದಲ್ಲೂ ಇದೆ. ಗೂಡಿನ ಎದುರೇ ಕೊಯ್ಯೋ ನಮ್ಮ ಅಂಗಡಿಗಳು, ಮಾಲೀಕ ಯಾವ ಧರ್ಮದವನೇ ಆಗಿರಲಿ, ಎರಡನ್ನೂ ಒಟ್ಟಿಗೆ ಮುರೀತವೆ. ಕೋಮು ಸೌಹಾರ್ದ ಅಂದ್ರೆ ಇದೇ ಇರಬೇಕು.

‘ಅದಕ್ಕೇ ಮಾರಾಯ್ರೆ ನಾವು ತಿನ್ನೋದೇ ಇಲ್ಲ’ ಅಂತ ಕೈ ತೊಳೆದುಕೊಳ್ಳೋ ಗೆಳೆಯರಿಗೆ ನಮಸ್ಕಾರ. ಕೇಕಿನಲ್ಲಿ ಮೊಟ್ಟೆ ಇದ್ದರೆ ಅಡ್ಡಿಯಿಲ್ಲ ಅಲ್ವಾ? ಮೊಟ್ಟೆ ಕೋಳಿಯ ಮರಿ ಮಾಡೋ ಲೇಯರ್ ಹ್ಯಾಚರಿಯಲ್ಲಿ ಇಪ್ಪತ್ತೊಂದನೇ ದಿನ ಮೊಟ್ಟೆ ಒಡೆದು ಬಂದ ಗಂಡು ಮರಿ ಮೊಟ್ಟೆಯನ್ನೂ ಇಡಲ್ಲ, ಮಾಂಸಕ್ಕೂ ತೂಕ ಬರಲ್ಲ. ಹುಟ್ಟಿದ ದಿನವೇ ಅದರ ಕಥೆ ಮುಗಿಯುತ್ತೆ. ಹೆಣ್ಣಿಗೆ ಪಂಜರದಲ್ಲಿ ಸಿಗೋ ಜಾಗ ಎಷ್ಟೋ ಕಡೆ ಸುಮಾರು 450 ಚದರ ಸೆಂಟಿಮೀಟರ್. ಜೆರಾಕ್ಸ್ ಅಂಗಡಿಯ ಎ4 ಹಾಳೆ 624. ಯುರೋಪ್ ಒಕ್ಕೂಟ ಇಂಥ ಬೋಳು ಪಂಜರವನ್ನ 2012ರಲ್ಲೇ ನಿಲ್ಲಿಸಿತು. ಹಾಲಿನ ವಿಷಯ, ಗಂಡು ಕರುವಿನ ವಿಷಯ ಎತ್ತಿದರೆ ರಾತ್ರಿಯಾಗುತ್ತೆ, ಬಿಡಿ.

ನಾನೇನು ಸಾಚಾ ಅಲ್ಲ. ನಾನೂ ಅಂಗಡಿ ಮುಂದೆ ನಿಂತು ಕೇಳೋದು ‘ಲೆಗ್ ಪೀಸ್ ಜಾಸ್ತಿ ಹಾಕಪ್ಪಾ’ ಅಂತಲೇ. ಯಾವ ಗಾಡಿಯಲ್ಲಿ ಬಂತು ಅಂತ ಕೇಳಿಲ್ಲ. ಇಷ್ಟೆಲ್ಲ ಗೊತ್ತಿದ್ದೂ ಕೇಳಿಲ್ಲ ಅನ್ನೋದಕ್ಕೇ ಇವತ್ತು ಇಷ್ಟು ಸಿಟ್ಟು ಬಂದಿರೋದು ಅಂತ ಕಾಣುತ್ತೆ.

ಎಕ್ಸೆಲ್ ಓಡಿಸೋ ಹುಡುಗನ ಮೇಲೆ ಯಾರೂ ಹಾರಬೇಡಿ. ಫೋಟೋ ಹಾಕಿ ವೈರಲ್ ಮಾಡೋದಂತೂ ಬೇಡವೇ ಬೇಡ. ಅವನ ಲೆಕ್ಕ ಸುಲಭ: ಎರಡೂ ಬದಿ ಸೇರಿ ಐವತ್ತು ಕೋಳಿ, ನೂರು ಕೆಜಿ. ಒಂದೊಂದು ಹೋಟೆಲ್ ಮುಂದೆ ಒಂದೊಂದು ಗೊಂಚಲು ಬಿಚ್ಚಿ ಕೊಟ್ಟರೆ ಆಯ್ತು. ಅದೇ ಐವತ್ತು ಕೋಳಿಗೆ ಐದು ಕ್ರೇಟು ಬೇಕು, ಗಾಡಿ ಮೇಲೆ ಹಿಡಿಸೋದು ಎರಡೇ. ಅಂದ್ರೆ ಮೂರು ಟ್ರಿಪ್ಪು, ಖಾಲಿ ಕ್ರೇಟು ವಾಪಸ್ ಒಯ್ಯೋ ತಲೆನೋವು, ಕಳೆದರೆ ಡೆಪಾಸಿಟ್ ಹೋಯ್ತು. ಆ ಖರ್ಚನ್ನ ಅವನ ತಲೆಗೆ ಕಟ್ಟಿದರೆ ಅವನು ಮತ್ತೆ ದಾರವೇ ಹಿಡೀತಾನೆ. ಹೋಲ್‌ಸೇಲ್‌ನವನೇ ಕ್ರೇಟ್ ಕೊಟ್ಟು ಮೂರು ಚಕ್ರದ ಗೂಡ್ಸ್ ಆಟೋದಲ್ಲಿ ನಾಲ್ಕು ಅಂಗಡಿಗೆ ಒಟ್ಟಿಗೆ ಕಳಿಸಿದರೆ ಕೆಜಿಗೆ ಬೀಳೋದು ನಾಲ್ಕಾಣೆ ಎಂಟಾಣೆಯ ಮಾತು. ಕೊಡೋಕೆ ತಯಾರಿದ್ದೀವಾ ಅಂತ ಅಂಗಡಿಯವನು ನಮ್ಮನ್ನ ಒಂದು ದಿನವೂ ಕೇಳಿಲ್ಲ, ನಾವೂ ಹೇಳಿಲ್ಲ.

ಸಸ್ಯಾಹಾರ ಶ್ರೇಷ್ಠವೋ ಮಾಂಸಾಹಾರವೋ ಅಂತ ಕೆಳಗೆ ಶುರು ಮಾಡೋರ ಕಾಮೆಂಟ್ ಅಳಿಸ್ತೀನಿ, ಬೇಜಾರು ಮಾಡ್ಕೋಬೇಡಿ. ಎಕ್ಸೆಲ್ ಕ್ಯಾರಿಯರ್ ಮೇಲೆ ಎರಡು ಕ್ರೇಟು ಅಲ್ಲಾಡದ ಹಾಗೆ ಕೂರಿಸೋ ಸ್ಟ್ಯಾಂಡ್ ಯಾರಾದರೂ ವೆಲ್ಡಿಂಗ್ ಮಾಡಿಸಿದ್ದರೆ ಅಳತೆ ಹಾಕಿ. ಹಿಂದಿನ ಇಂಡಿಕೇಟರ್ ಮುಚ್ಚಬಾರದು, ಅಷ್ಟೇ.